ವೈರ ಯಾರಿಗೂ ಬೇಡ, ಆದರೂ ಹಿಂಸೆ ಯಾಕೆ? ಬೌದ್ಧ ವಿವರಣೆ ಬೇಕಿತ್ತು

ಪ್ರಶ್ನೆ (ಹೊಸ ಓದುಗ):
ಮನುಷ್ಯ ಇನ್ನೊಬ್ಬರಿಗೆ ಯಾಕೆ ನೋವು ಕೊಡುತ್ತಾನೆ ಅಂದರೆ ಎಲ್ಲರೂ ‘ಲೋಭ, ದ್ವೇಷ, ಮೋಹ’ ಅಂದು ಮುಗಿಸುತ್ತಾರೆ. ಅದು ಬರೀ ಪಟ್ಟಿ. ಒಂದರಿಂದ ಒಂದು ಹೇಗೆ ಹುಟ್ಟುತ್ತದೆ ಅನ್ನುವುದನ್ನು ಪಾಲಿ ಸುತ್ತಗಳಲ್ಲಿ, ಅಂದರೆ ಬುದ್ಧನ ಉಪದೇಶಗಳಲ್ಲಿ, ಎಲ್ಲಿ ಬಿಡಿಸಿ ಹೇಳಿದೆ?

ಗುಹಾವಾಸಿ:
ದೀರ್ಘ ಸುತ್ತಗಳ ಸಂಗ್ರಹವಾದ ದೀಘನಿಕಾಯದ 21ನೆಯದು, ಸಕ್ಕಪಞ್ಹ ಸುತ್ತ. ರಾಜಗೃಹದ ಪೂರ್ವಕ್ಕಿರುವ ಇಂದಸಾಲ ಗುಹೆಯಲ್ಲಿ ದೇವತೆಗಳ ಒಡೆಯ ಶಕ್ರ ಬುದ್ಧನನ್ನು ಕೇಳುವುದು ಇದನ್ನೇ: ವೈರವಿಲ್ಲದೆ ಬಾಳಬೇಕು ಅಂದುಕೊಂಡವರೇ ವೈರದಲ್ಲಿ ಬಾಳುತ್ತಾರಲ್ಲ, ಅವರನ್ನು ಕಟ್ಟಿಹಾಕಿರುವುದು ಏನು? ಬುದ್ಧನ ಉತ್ತರ: ಇಸ್ಸಾ, ಮಚ್ಛರಿಯ. ಇಸ್ಸಾ ಅಂದರೆ ಹೊಟ್ಟೆಕಿಚ್ಚು. ಮಚ್ಛರಿಯವನ್ನು ನಮ್ಮ ‘ಮತ್ಸರ’ ಅಂದುಕೊಂಡರೆ ಕೆಟ್ಟಿರಿ. ಪಾಲಿಯಲ್ಲಿ ಅದು ಜಿಪುಣತನ, ನನ್ನದು ಇನ್ನೊಬ್ಬರಿಗೆ ಸಲ್ಲಬಾರದು ಅನ್ನುವ ಬುದ್ಧಿ. ಶಕ್ರ ಅಷ್ಟಕ್ಕೇ ಬಿಡುವುದಿಲ್ಲ, ಅದಕ್ಕೇನು ಮೂಲ ಅಂತ ಕೆದಕುತ್ತಾ ಹೋಗುತ್ತಾನೆ. ಅದಕ್ಕೆ ಮೂಲ ಪ್ರಿಯ-ಅಪ್ರಿಯ, ಅದಕ್ಕೆ ಛಂದ, ಅಂದರೆ ಬೇಕೆನ್ನುವುದು, ಅದಕ್ಕೆ ವಿತಕ್ಕ, ಯೋಚನೆ, ಅದರಡಿಯಲ್ಲಿ ಪಪಂಚ, ಮನಸ್ಸು ಒಂದಕ್ಕೆ ಹತ್ತು ಸೇರಿಸಿ ಹೆಣೆಯುವುದು.

ಅದೇ ನಿಕಾಯದ 15ನೆಯ ಮಹಾನಿದಾನ ಸುತ್ತವನ್ನೂ ಓದಿ. ಅಲ್ಲಿ ಒಂದರಿಂದ ಒಂದು ಹುಟ್ಟುವ ಕ್ರಮ ಇದು: ತೃಷ್ಣೆ, ಹುಡುಕಾಟ, ಲಾಭ, ಇದು ಇಂಥದ್ದಕ್ಕೆ ಎಂಬ ನಿಶ್ಚಯ, ಆಸೆ, ಅಂಟು, ನನ್ನದೆಂಬ ಹಿಡಿತ, ಜಿಪುಣತನ, ಕಾವಲು. ಆಮೇಲೆ ದೊಣ್ಣೆ, ಆಯುಧ, ಜಗಳ, ಚಾಡಿ, ಸುಳ್ಳು. ದೊಣ್ಣೆಗೆ ಒಂದು ಹೆಜ್ಜೆ ಹಿಂದೆ ಇರುವುದು ದ್ವೇಷವಲ್ಲ, ಕಾವಲು! ಬದುವಿನ ಜಗಳ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಅಭಿಧಮ್ಮ ಪ್ರಿಯ:
ಮೇಲಿನದು ಸರಿ, ಆದರೆ ದ್ವೇಷವನ್ನು ಪೂರ್ತಿ ಬದಿಗಿಡಬೇಡಿ. ಮನಸ್ಸನ್ನು ವಿಂಗಡಿಸಿ ನೋಡುವ ಅಭಿಧಮ್ಮದಲ್ಲಿ ಅಕುಶಲ ಚಿತ್ತಗಳು, ಅಂದರೆ ಕೆಟ್ಟ ಮನಃಸ್ಥಿತಿಗಳು, 12: ಲೋಭಮೂಲ 8, ದ್ವೇಷಮೂಲ 2, ಮೋಹಮೂಲ 2. ಮೋಹ ಹನ್ನೆರಡರಲ್ಲೂ ಉಂಟು. ಲೋಭ, ದ್ವೇಷ ಮಾತ್ರ ಒಂದೇ ಚಿತ್ತದಲ್ಲಿ ಕೂಡುವುದಿಲ್ಲ. ಹಣಕ್ಕಾಗಿ ಕೊಲ್ಲುವವನನ್ನು ಹೊರಡಿಸಿದ್ದು ಲೋಭ. ಏಟು ಹಾಕುವ ಕ್ಷಣದ ಚಿತ್ತ ದ್ವೇಷದ್ದು. ಕೊಲೆ ಅನ್ನಿಸಿಕೊಳ್ಳಲು ಅಟ್ಠಕಥೆ, ಅಂದರೆ ಪಾಲಿ ವ್ಯಾಖ್ಯಾನ, ಐದು ಅಂಗ ಕೇಳುತ್ತದೆ: ಜೀವಿ, ಜೀವಿಯೆಂಬ ತಿಳಿವು, ಕೊಲ್ಲುವ ಚಿತ್ತ, ಪ್ರಯತ್ನ, ಅದರಿಂದ ಸಾವು. ತಿಳಿಯದೆ ಇರುವೆ ತುಳಿದದ್ದು ಇದರಲ್ಲಿ ಬರುವುದಿಲ್ಲ.

ಶಾಸನಾಸಕ್ತ:
ಮನಸ್ಸಿನ ಮಾತಷ್ಟೇ ಅಲ್ಲ. ದೀಘನಿಕಾಯದ 26ನೆಯ ಚಕ್ಕವತ್ತಿ ಸೀಹನಾದ ಸುತ್ತದಲ್ಲಿ ರಾಜ ಬಡವರಿಗೆ ಧನ ಕೊಡುವುದಿಲ್ಲ. ಬಡತನ ಬೆಳೆದು ಕಳವು, ಕಳವಿನಿಂದ ಆಯುಧ, ಆಯುಧದಿಂದ ಕೊಲೆ. ಅಶೋಕನೂ ಒಡಿಶಾದ ಧೌಲಿ, ಜೌಗಡದ ಮೊದಲನೆಯ ಪ್ರತ್ಯೇಕ ಶಾಸನದಲ್ಲಿ ಅಧಿಕಾರಿಗಳು ನ್ಯಾಯ ತಪ್ಪುವುದಕ್ಕೆ ಈರ್ಷ್ಯೆ, ಮುಂಗೋಪ, ಕ್ರೌರ್ಯ, ಆತುರ, ಸೋಮಾರಿತನ, ದಣಿವು ಕಾರಣ ಅನ್ನುತ್ತಾನೆ. ದಣಿವನ್ನೂ ಸೇರಿಸಿದ್ದು ನನಗೆ ಬಹಳ ಹಿಡಿಸುತ್ತದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಪ್ರತ್ಯೇಕ ಶಾಸನಗಳ ಭಾಗಗಳು ಸಿಕ್ಕಿವೆ.

ಹೊಸ ಓದುಗ:
ಮಚ್ಛರಿಯವನ್ನು ಇಷ್ಟು ದಿನ ಮತ್ಸರ ಅಂತಲೇ ಓದಿಕೊಂಡಿದ್ದೆ! ಸರಿ, ಈ ಸರಪಳಿಯನ್ನು ಕತ್ತರಿಸುವುದು ಎಲ್ಲಿ?

ಗುಹಾವಾಸಿ:
ವಿತಕ್ಕದಲ್ಲಿ. ಮಜ್ಝಿಮನಿಕಾಯದ 20ನೆಯ ಸುತ್ತ ಐದು ಉಪಾಯಗಳನ್ನು ಕ್ರಮವಾಗಿ ಕೊಡುತ್ತದೆ: ಬೇರೆ ಒಳ್ಳೆಯ ವಿಷಯಕ್ಕೆ ಮನಸ್ಸು ತಿರುಗಿಸು, ಆ ಯೋಚನೆಯ ಕೇಡು ನೋಡು, ಗಮನ ಕೊಡಬೇಡ, ಓಡುವವನು ನಡೆದು, ನಿಂತು, ಕೂತ ಹಾಗೆ ಯೋಚನೆಯ ವೇಗ ಇಳಿಸು, ಯಾವುದಕ್ಕೂ ಬಗ್ಗದಿದ್ದರೆ ಹಲ್ಲು ಕಚ್ಚಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಅದುಮು. ಬಹಳ ಜನ ಐದನೆಯದರಿಂದಲೇ ಶುರು ಮಾಡಿ ಸೋಲುತ್ತಾರೆ. ಎಲ್ಲರಿಗೂ ಒಳಿತು ಬಯಸುವ ಮೈತ್ರಿ ಭಾವನೆಯ ಧ್ಯಾನದಲ್ಲೂ ಹಾಗೇ, ನೇರವಾಗಿ ವೈರಿಯನ್ನು ಹಿಡಿಯಬಾರದು. ಬುದ್ಧಘೋಷನ ಧ್ಯಾನಗ್ರಂಥ ವಿಸುದ್ಧಿಮಗ್ಗದ ಕ್ರಮ: ಮೊದಲು ತಾನು, ಆಮೇಲೆ ಗೌರವದ ವ್ಯಕ್ತಿ, ಆಪ್ತ, ಪರಿಚಯ ಮಾತ್ರ ಇರುವವರು, ವೈರಿ ಕೊನೆಗೆ. ವೈರಿಯ ಹತ್ತಿರ ಸಿಟ್ಟು ಮರುಕಳಿಸಿದರೆ ಹಿಂದಿನ ಹಂತಕ್ಕೆ ಮರಳಿ.