ಹೊಸ ಬ್ಯಾಟರಿ ಹಾಕಿಸಿದರೂ ಬೆಳಿಗ್ಗೆ ಗಾಡಿ ಚಾಲೂ ಆಗ್ತಿಲ್ಲ: ತಪ್ಪು ಬ್ಯಾಟರಿದೋ, ಡೈನಮೋದೋ?

ಪ್ರಶ್ನೆ (ಗದಗ-ಬೆಟಗೇರಿ): ನಮಸ್ಕಾರ ರೀ. ನನ್ನದು 2008ರ ಡೀಸೆಲ್ ಕಾರು. ಔಷಧಿ ಅಂಗಡಿಗಳಿಗೆ ಮಾಲು ಮುಟ್ಟಿಸುವ ಕೆಲಸ. ದಿನಾ ಅಣ್ಣಿಗೇರಿ, ಹುಬ್ಬಳ್ಳಿ ಸುತ್ತಿ ರಾತ್ರಿ ಮನೆಗೆ ಬರುತ್ತೇನೆ. ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಕಟ್ ಕಟ್ ಅಂದು ಸುಮ್ಮನಾಗುತ್ತದೆ. ಎರಡು ತಿಂಗಳ ಹಿಂದೆ ಗ್ಯಾರೇಜಿನಲ್ಲಿ ಬ್ಯಾಟರಿ ಮುಗಿದಿದೆ ಅಂದರು, ಹೊಸದು ಹಾಕಿಸಿದೆ. ಹದಿನೈದು ದಿನ ಚೆನ್ನಾಗಿತ್ತು, ಈಗ ಮತ್ತೆ ಅದೇ ಹಾಡು. ಓಣಿ ಹುಡುಗರನ್ನು ಕರೆದು ದಬ್ಬಿಸಿದರೆ ಚಾಲೂ ಆಗುತ್ತದೆ, ಆಮೇಲೆ ಇಡೀ ದಿನ ತಕರಾರಿಲ್ಲ. ಒಬ್ಬರು ಬ್ಯಾಟರಿಯೇ ಡಿಫೆಕ್ಟ್ ಅಂತಾರೆ, ಇನ್ನೊಬ್ಬರು ಡೈನಮೋ ಬದಲಿಸು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಹುಬ್ಬಳ್ಳಿ): ಸದ್ಯಕ್ಕೆ ಇಬ್ಬರ ಮಾತೂ ಬೇಡ. ಮೀಟರ್ ಏನು ಹೇಳುತ್ತದೆ ನೋಡೋಣ.

ಬ್ಯಾಟರಿ ಅಂದರೆ ನೀರಿನ ಟಾಕಿ, ಡೈನಮೋ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್) ಅಂದರೆ ನಳ. ನಳ ಬರದಿದ್ದರೆ ಟಾಕಿ ಎಷ್ಟು ಹೊತ್ತು ತಡೆಯುತ್ತದೆ ಅಂತ ಹುಬ್ಬಳ್ಳಿ-ಧಾರವಾಡದವರಿಗೆ ಹೇಳಿಕೊಡಬೇಕಾಗಿಲ್ಲ! ದಬ್ಬಿ ಚಾಲೂ ಮಾಡಿದ ಮೇಲೆ ಗಾಡಿ ಹೇಗೆ ನಡೆಯುತ್ತದೆ ಅನ್ನೋದರಲ್ಲೇ ಅರ್ಧ ಉತ್ತರ ಇದೆ. ಡೈನಮೋ ಪೂರ್ತಿ ಸತ್ತಿದ್ದರೆ ಮೀಟರ್ ಬೋರ್ಡಿನಲ್ಲಿ ಬ್ಯಾಟರಿ ಲೈಟ್ ಉರಿಯುತ್ತದೆ, ಹೆಡ್‌ಲೈಟ್ ಮಂಕಾಗುತ್ತಾ ಹೋಗುತ್ತದೆ. ನಲವತ್ತು ಐವತ್ತು ಕಿಲೋಮೀಟರಿನೊಳಗೆ ಎಲ್ಲೋ ನಿಂತು, ಮತ್ತೆ ಚಾಲೂ ಆಗುವುದಿಲ್ಲ. ನಿಮ್ಮದು ದಿನವಿಡೀ ಓಡುತ್ತಿದೆ, ಅಂದರೆ ನಳ ಸ್ವಲ್ಪವಾದರೂ ಬರುತ್ತಿದೆ. ಹಾಗಾದರೆ ಟಾಕಿ ಒಡೆದಿರಬೇಕು, ಇಲ್ಲವೇ ರಾತ್ರಿ ಎಲ್ಲೋ ಸೋರುತ್ತಿರಬೇಕು.

ಒಂದು ಸಾದಾ ಡಿಜಿಟಲ್ ಮೀಟರ್ ತನ್ನಿ, ಡಿಸಿ 20 ವೋಲ್ಟಿಗೆ ಇಡಿ. ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಎರಡು ನಿಮಿಷ ಹೆಡ್‌ಲೈಟ್ ಹಾಕಿ ಆರಿಸಿ. ಇಲ್ಲದಿದ್ದರೆ ಮೇಲುಮೇಲಿನ ಚಾರ್ಜು ಸುಳ್ಳು ಹೇಳುತ್ತದೆ. ಹತ್ತು ನಿಮಿಷ ಬಿಟ್ಟು ಬ್ಯಾಟರಿಗೆ ಮೀಟರ್ ಹಿಡಿಯಿರಿ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಇನ್ನೊಮ್ಮೆ ನೋಡಿ (ಬಾನೆಟ್ ರಾತ್ರಿಯೇ ಸಡಿಲ ಮಾಡಿಟ್ಟುಕೊಳ್ಳಿ). ತುಂಬಿದ ಬ್ಯಾಟರಿ 12.6 ತೋರಿಸಬೇಕು. 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಅಂದರೆ ಹೆಚ್ಚುಕಡಿಮೆ ಖಾಲಿ. ಆಮೇಲೆ ಚಾಲೂ ಮಾಡಿ, ಒಮ್ಮೆ ಸುಮ್ನೆ, ಇನ್ನೊಮ್ಮೆ ಹೆಡ್‌ಲೈಟ್, ಎಸಿ, ಫ್ಯಾನ್ ಎಲ್ಲ ಹಾಕಿ ನೋಡಿ. ನಿಮ್ಮ ಕಾಲದ ಗಾಡಿಯಲ್ಲಿ 13.8ರಿಂದ 14.5ರ ಒಳಗೆ ನಿಲ್ಲಬೇಕು. 15 ದಾಟಿದರೆ ಕಟೌಟ್ (ವೋಲ್ಟೇಜ್ ಹದ್ದಿನಲ್ಲಿಡುವ ರೆಗ್ಯುಲೇಟರ್) ಕೆಟ್ಟಿದೆ ಅಂತ ಅರ್ಥ, ಬ್ಯಾಟರಿ ಕುದ್ದು ಹೋಗುತ್ತದೆ.

ಇನ್ನೊಬ್ಬ ಸದಸ್ಯರು (ಹಾವೇರಿ): ಇಷ್ಟೆಲ್ಲ ಯಾಕ್ರೀ? ಇಂಜಿನ್ ಚಾಲೂ ಇರುವಾಗ ಬ್ಯಾಟರಿಯ ಒಂದು ಟರ್ಮಿನಲ್ ಬಿಚ್ಚಿ. ಇಂಜಿನ್ ಬಂದಾದರೆ ಡೈನಮೋ ಹೋಗಿದೆ, ಇಲ್ಲದಿದ್ದರೆ ಚೆನ್ನಾಗಿದೆ. ನಮ್ಮ ಮಾವ ಹೀಗೇ ನೋಡುತ್ತಿದ್ದರು.

ಉತ್ತರ: ಸರ್, ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ನಿಮ್ಮ ಮಾವನವರ ಕಾಲದ ಗಾಡಿಯಲ್ಲಿ ಕಂಪ್ಯೂಟರ್ ಇರಲಿಲ್ಲ. ಓಡುವ ಡೈನಮೋಗೆ ಬ್ಯಾಟರಿ ಆಸರೆ ತಪ್ಪಿದರೆ ವೋಲ್ಟೇಜ್ ಒಮ್ಮೆಲೇ ಜಿಗಿಯುತ್ತದೆ. ಡೈನಮೋ ಒಳಗಿನ ಡಯೋಡ್ ಹೋಗಬಹುದು, ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಹೋಗಬಹುದು. ಹೀಗೆ ನೋಡಲು ಹೋಗಿ ಇಸಿಎಂ ಸುಟ್ಟುಕೊಂಡು ನನ್ನ ಹತ್ತಿರ ಬಂದವರಿದ್ದಾರೆ. ಮೀಟರಿಗೆ ಅದರ ಹತ್ತರಲ್ಲಿ ಒಂದು ಪಾಲೂ ಖರ್ಚಾಗುವುದಿಲ್ಲ.

ಮತ್ತೊಬ್ಬರು (ಬ್ಯಾಡಗಿ): ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನನ್ನ ಗಾಡಿಯಲ್ಲಿ ಟರ್ಮಿನಲ್ ಮೇಲೆ ಹಸಿರು-ಬಿಳಿ ಬೂದಿ ಕೂತಿದೆ. ಮಳೆಯಲ್ಲಿ ಚಾಲೂ ಮಾಡಿದರೆ ಕೀಂಯ್ ಅನ್ನುತ್ತದೆ.

ಉತ್ತರ: ಕೀಂಯ್ ಅನ್ನೋದು ಬೆಲ್ಟ್, ಸಡಿಲ ಇದೆ ಅಥವಾ ಸವೆದಿದೆ. ಬೂದಿಗೆ ಬಿಸಿನೀರು, ಅಡುಗೆ ಸೋಡಾ, ಹಳೇ ಬ್ರಷ್ ಸಾಕು. ಮೊದಲು ಮೈನಸ್ ಬಿಚ್ಚಿ, ಹಾಕುವಾಗ ಮೈನಸ್ ಕೊನೆಗೆ. ಒಣಗಿದ ಮೇಲೆ ವ್ಯಾಸಲೀನ್ ಸವರಿ. ಟರ್ಮಿನಲ್ ಸ್ವಚ್ಛ ಮಾಡದೆ ಬ್ಯಾಟರಿ ಬದಲಿಸಬೇಡಿ.

ಗದಗದವರು (ಎರಡು ದಿನದ ಮೇಲೆ): ಅಣ್ಣಾರ, ನೋಡಿದೆ. ರಾತ್ರಿ 12.5, ಬೆಳಿಗ್ಗೆ 11.7. ಚಾಲೂ ಇದ್ದಾಗ 13.5, ಎಲ್ಲ ಹಾಕಿದರೆ 12.9ಕ್ಕೆ ಇಳಿಯುತ್ತದೆ. ಇನ್ನೊಂದು ವಿಷಯ, ಮಗಳು ಹೇಳಿದ್ದು. ರಾತ್ರಿ ಕರೆಂಟ್ ಹೋದಾಗ ಕಾರಿನೊಳಗೆ ಬ್ಯಾಟರಿ ಚಿತ್ರದ ಲೈಟು ಮಿಣಮಿಣ ಉರೀತಿತ್ತಂತೆ. ಕೀ ನನ್ನ ಕಿಸೆಯಲ್ಲಿತ್ತು! ಹಗಲು ಅದು ಕಾಣುವುದೇ ಇಲ್ಲ.

ಉತ್ತರ: ನಿಮ್ಮ ಮಗಳನ್ನು ನನ್ನ ಅಂಗಡಿಗೆ ಕಳಿಸಿಕೊಡಿ, ಕೆಲಸ ಕೊಡುತ್ತೇನೆ. ಕೀ ತೆಗೆದ ಮೇಲೂ ಆ ಲೈಟ್ ಮಿಣುಕಿದರೆ ನನಗೆ ಮೊದಲು ಅನುಮಾನ ಬರುವುದು ಡೈನಮೋ ಒಳಗಿನ ಡಯೋಡ್ ಮೇಲೆ. ಡಯೋಡ್ ಅಂದರೆ ಒಂದೇ ಕಡೆ ತೆರೆಯುವ ಬಾಗಿಲು. ಕರೆಂಟು ಬ್ಯಾಟರಿಗೆ ಹೋಗಬೇಕು, ವಾಪಸ್ ಬರಬಾರದು. ಒಂದು ಡಯೋಡ್ ಶಾರ್ಟ್ ಆದರೆ ಬ್ಯಾಟರಿಯ ಕರೆಂಟು ವಾಪಸ್ ಒಳಗೆ ನುಗ್ಗಿ ರೋಟರಿಗೆ (ಡೈನಮೋ ಒಳಗೆ ತಿರುಗುವ ತಂತಿ ಸುರುಳಿಗೆ) ಹರಿಯುತ್ತದೆ. ಮೂರು ಆಂಪಿಯರ್ ಸೋರುತ್ತದೆ ಅಂತ ಹಿಡಿದರೂ ಹತ್ತು ತಾಸಿಗೆ ಮೂವತ್ತು ಆಂಪಿಯರ್-ಅವರ್. ಅರವತ್ತರ ಬ್ಯಾಟರಿ ಅರ್ಧ ಖಾಲಿ! ಹೊಸದು ಅಂತ ಹದಿನೈದು ದಿನ ತಡೆಯಿತು ಅಷ್ಟೆ. ಎಲ್ಲ ಹಾಕಿದಾಗ 12.9ಕ್ಕೆ ಇಳಿಯುವುದಕ್ಕೂ ಅದೇ ಕಾರಣ, ಡೈನಮೋಗೆ ಪೂರ್ತಿ ಶಕ್ತಿ ಇಲ್ಲ.

ಖಾತ್ರಿ ಮಾಡಿಕೊಳ್ಳಲು ನಾಳೆ ಬೆಳಿಗ್ಗೆ, ಕೀ ಹಾಕುವ ಮೊದಲು, ಡೈನಮೋ ಮೇಲೆ ಅಂಗೈ ಇಡಿ. ಡಯೋಡ್ ಹೋಗಿದ್ದರೆ, ರಾತ್ರಿಯೆಲ್ಲ ತಣ್ಣಗೆ ನಿಂತ ಗಾಡಿಯಲ್ಲಿ ಅದೊಂದೇ ಬೆಚ್ಚಗಿರುತ್ತದೆ. ಒಂದು ಸ್ಕ್ರೂಡ್ರೈವರ್ ತುದಿಯನ್ನು ಹಿಂದಿನ ಬೇರಿಂಗ್ ಹತ್ತಿರ ಹಿಡಿಯಿರಿ. ಪ್ಲಸ್ ವೈರಿನ ಬೋಲ್ಟಿಗೆ ಮಾತ್ರ ತಾಗಿಸಬೇಡಿ. ಅಯಸ್ಕಾಂತದ ಹಾಗೆ ಎಳೆದರೆ ರೋಟರಿಗೆ ಕರೆಂಟು ಹೋಗುತ್ತಿದೆ. ಕೀ ತೆಗೆದ ಗಾಡಿಯಲ್ಲಿ ಹಾಗೆ ಎಳೆಯಬಾರದು.

ಗದಗದವರು: ಕೈ ಇಟ್ಟೆ, ಬೆಚ್ಚಗಿತ್ತು. ಸ್ಕ್ರೂಡ್ರೈವರ್ ಟಕ್ ಅಂತ ಅಂಟಿಕೊಂಡಿತು! ಮನೆಯವರೆಲ್ಲ ಬಂದು ಒಬ್ಬೊಬ್ಬರೂ ಅಂಟಿಸಿ ನೋಡಿದರು. ಈಗ ಪೂರ್ತಿ ಡೈನಮೋ ಬದಲಿಸಬೇಕಾ?

ಉತ್ತರ: ಬೇಡ. ಬಿಚ್ಚಿಸಿ ಡಯೋಡ್ ಪ್ಲೇಟ್ ಮಾತ್ರ ಹಾಕಿಸಿ. ಹೇಗೂ ಬಿಚ್ಚಿರುತ್ತಾರೆ, ಕಾರ್ಬನ್ (ರೋಟರಿಗೆ ಕರೆಂಟು ಮುಟ್ಟಿಸುವ ಬ್ರಷ್) ಸವೆದಿದೆಯಾ, ಬೇರಿಂಗ್ ಸದ್ದು ಮಾಡುತ್ತದಾ ನೋಡಲು ಹೇಳಿ. ಅಲ್ಲಿ ತನಕ ರಾತ್ರಿ ಬ್ಯಾಟರಿಯ ಮೈನಸ್ ಬಿಚ್ಚಿಟ್ಟು ಮಲಗಿ, ಇಂಜಿನ್ ಬಂದ್ ಮಾಡಿದ ಮೇಲೆ. ಬೆಳಿಗ್ಗೆ ಓಣಿ ಹುಡುಗರನ್ನು ಕರೆಯುವ ಪಾಡು ತಪ್ಪುತ್ತದೆ.

ಗದಗದವರು (ಮರುವಾರ): ಪ್ಲೇಟ್ ಹಾಕಿಸಿದೆ. ಎಲ್ಲ ಲೈಟ್ ಹಾಕಿದರೂ 14.1. ರಾತ್ರಿ 12.5, ಬೆಳಿಗ್ಗೆಯೂ 12.5. ಮಿಣಮಿಣ ಲೈಟೂ ಇಲ್ಲ. ಬ್ಯಾಟರಿಗೆ ಏನಾದರೂ ಪೆಟ್ಟು ಬಿದ್ದಿರುತ್ತಾ?

ಉತ್ತರ: ಸ್ವಲ್ಪ ಬಿದ್ದಿರುತ್ತದೆ. ದಿನಾ ಖಾಲಿಯಾದರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಕೂರುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಒಂದು ರಾತ್ರಿ ನಿಧಾನಕ್ಕೆ, ಐದಾರು ಆಂಪಿಯರಿನಲ್ಲಿ ಚಾರ್ಜ್ ಮಾಡಿಸಿ. ಆಮೇಲೆ ಸೆಲ್ಫ್ ಹೊಡೆಯುವಾಗ ಮೀಟರ್ ನೋಡಿ, 9.6ಕ್ಕಿಂತ ಕೆಳಗೆ ಬೀಳದಿದ್ದರೆ ಧೈರ್ಯವಾಗಿ ಓಡಿಸಿ. ಅಂದಹಾಗೆ, ಹಳೇ ಬ್ಯಾಟರಿ ಏನು ಮಾಡಿದಿರಿ?

ಗದಗದವರು: ಎಕ್ಸ್‌ಚೇಂಜಿಗೆ ಕೊಟ್ಟೆ ರೀ. ಯಾಕೆ, ಅದು ಚೆನ್ನಾಗಿತ್ತಾ?

ಉತ್ತರ: ಈಗ ಅದನ್ನು ಕೇಳಬೇಡಿ ಬಿಡಿ.