ಅರ್ಮೇನಿಯಾದ ಅರೆನಿ: ಒಂದು ದಿನ ಕೊಡಬಹುದಾ?

ಹಾಸನದಕ್ಕ:
ತಮ್ಮ ಯೆರೆವಾನ್‌ನಲ್ಲಿ ಮೆಡಿಕಲ್ ಓದುತ್ತಿದ್ದಾನೆ. ಅಕ್ಟೋಬರ್‌ನಲ್ಲಿ ನಾನೂ ಅಮ್ಮನೂ ನೋಡಲು ಹೋಗುತ್ತಿದ್ದೇವೆ. ಒಂದು ದಿನ ಬಿಡುವಿದೆ, ವೈನ್‌ಗೆ ಹೆಸರಾದ ಅರೆನಿ ಹಳ್ಳಿ ನೋಡಬೇಕು ಅಂತ ನನಗಾಸೆ. ಅವನೋ, "ಅಲ್ಲೇನಿದೆ ಅಕ್ಕಾ, ಒಣ ಗುಡ್ಡ, ರಸ್ತೆ ಬದೀಲಿ ಕೋಲಾ ಬಾಟಲಿಗೆ ವೈನ್ ತುಂಬಿ ಮಾರ್ತಾರೆ" ಅನ್ನುತ್ತಾನೆ. ಅಮ್ಮ ಕುಡಿಯುವುದಿಲ್ಲ. ಆ ಬಾಟಲಿ ಊರಿಗೆ ತರಬಹುದಾ?

ಅಲೆಮಾರಿ:
ಖಂಡಿತ ಹೋಗಿ. ಯೆರೆವಾನ್‌ನಿಂದ ಕಾರಲ್ಲಿ ಸುಮಾರು 2 ಗಂಟೆ. ಗುಡ್ಡ ಬೋಳು ನಿಜ, ಆದರೆ ಕೆಳಗೆ ಅರ್ಪಾ ಹೊಳೆಯ ಪಕ್ಕ ಮಾತ್ರ ಹಸಿರು. ಹಳ್ಳಿ ಹತ್ತಿರವೇ ಒಂದು ಗುಹೆ ಇದೆ. ಅದರಲ್ಲಿ ಸುಮಾರು 6,100 ವರ್ಷ ಹಳೆಯ ವೈನ್ ಮಾಡುವ ಜಾಗ ಸಿಕ್ಕಿದೆ ಅಂತ 2011ರಲ್ಲಿ ಪ್ರಕಟವಾಯಿತು. ಇಳಿಜಾರಾಗಿ ಮಾಡಿದ ಮಣ್ಣಿನ ನೆಲ, ಅಲ್ಲಿ ಹಣ್ಣು ತುಳಿದರೆ ರಸ ಹರಿದು ಹೂತಿಟ್ಟ ಗುಡಾಣಕ್ಕೆ ಬೀಳುತ್ತದೆ, ಅಷ್ಟೇ ಯಂತ್ರ! ಒಣಗಿದ ಬೀಜ, ಸಿಪ್ಪೆ ಕೂಡ ಸಿಕ್ಕಿವೆ.

ಕೋಲಾ ಬಾಟಲಿಗೆ ಒಂದು ಕಾರಣ ಇದೆ. ಆ ರಸ್ತೆ ಇರಾನ್ ಕಡೆ ಹೋಗುತ್ತದೆ, ಅಲ್ಲಿ ಮದ್ಯ ನಿಷೇಧ. ಲಾರಿಯವರು ಕೋಲಾ ಅಂತ ದಾಟಿಸಲಿ ಅಂತ ಶುರುವಾಯಿತಂತೆ, ನಮ್ಮ ಡ್ರೈವರ್ ನಗುತ್ತಾ ಹೇಳಿದ. ಅಲ್ಲೇ ಕುಡಿಯಲು ಪರವಾಗಿಲ್ಲ, ಊರಿಗೆ ಮಾತ್ರ ಬೇಡ. ನಾನು ತಂದಿದ್ದು ಇನ್ನೂ ಹುಳಿಯುತ್ತಿದ್ದ ಹೊಸ ವೈನ್, ಸೂಟ್‌ಕೇಸ್ ತೆಗೆದರೆ ಬಾಟಲಿ ಬಲೂನಿನ ಹಾಗೆ ಉಬ್ಬಿ, ಮುಚ್ಚಳದಿಂದ ಸೋರಿ, ಮೂರು ಅಂಗಿ ಜಂಬುನೇರಳೆ ಬಣ್ಣ! ಸೀಲ್ ಆದ ಗಾಜಿನ ಬಾಟಲಿ ತಗೊಳ್ಳಿ. ಒಬ್ಬರಿಗೆ 2 ಲೀಟರ್‌ವರೆಗೆ ಸುಂಕ ಇಲ್ಲ.

ತೋಟದವ ವಿಜಯಪುರ:
ವೈನ್ ಬಿಡಿ, ದ್ರಾಕ್ಷಿ ಬಳ್ಳಿ ಹೇಗಿದೆ ಹೇಳಿ. ನಾವು ಡಾಗ್‌ರಿಡ್ಜ್ ಅನ್ನೋ ಗಟ್ಟಿ ಜಾತಿಯ ದ್ರಾಕ್ಷಿ ಬೇರಿಗೆ ಕಸಿ ಕಟ್ಟದೆ ಹಾಕುವುದೇ ಇಲ್ಲ. ಅವರೂ ಕಸಿ ಕಟ್ಟುತ್ತಾರಾ? ವರ್ಷಕ್ಕೆ ಎಷ್ಟು ಸಲ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು?

ಯೆರೆವಾನ್ ಕನ್ನಡಿಗ:
ಇಲ್ಲ ಸರ್, ಹೆಚ್ಚಿನ ಹಳೇ ತೋಟಗಳು ಸ್ವಂತ ಬೇರಿನ ಮೇಲೇ ಇವೆ. ಯೂರೋಪಿನ ತೋಟಗಳನ್ನು ಹಾಳು ಮಾಡಿದ, ಬೇರಿಗೆ ಹತ್ತುವ ಫಿಲಾಕ್ಸೆರಾ ಹೇನು ಈ ಕಣಿವೆಯನ್ನು ಬಹುಮಟ್ಟಿಗೆ ಬಿಟ್ಟಿದೆ. ಚಾಟ್ನಿ ಒಂದೇ ಸಲ. ನಿಮ್ಮಲ್ಲಿ ಏಪ್ರಿಲ್, ಅಕ್ಟೋಬರ್ ಅಂತ ಎರಡು ಸಲ ಕತ್ತರಿ ಹಾಕುತ್ತೀರಿ, ಬಳ್ಳಿ ಮಲಗುವುದೇ ಇಲ್ಲ, ಅಲ್ವಾ? ಇಲ್ಲಿ ಚಳಿಗೆ ಅದು ಪೂರ್ತಿ ಮಲಗುತ್ತದೆ. ಚಳಿ ಜಾಸ್ತಿ ಇರುವ ಕಡೆ ಬಳ್ಳಿಯನ್ನು ಬಗ್ಗಿಸಿ ಮಣ್ಣು ಮುಚ್ಚಿ, ವಸಂತದಲ್ಲಿ ಬಿಡಿಸುತ್ತಾರೆ. ತೋಟಗಳು 1,000 ಮೀಟರ್‌ಗಿಂತ ಮೇಲಿವೆ. ಹಗಲು ಸುಡು ಬಿಸಿಲು, ರಾತ್ರಿ ಸ್ವೆಟರ್ ಬೇಕು. ಅರೆನಿ ಅನ್ನೋ ಕಪ್ಪು ತಳಿಯ ಸಿಪ್ಪೆ ದಪ್ಪ, ಹುಳಿ ಉಳಿಯುತ್ತದೆ.

ಅಕ್ಕಾ, ಅಮ್ಮನನ್ನು ನೊರವಂಕ್ ಮಠಕ್ಕೆ ಕರೆದುಕೊಂಡು ಹೋಗಿ, ಅರೆನಿಯಿಂದ ಹತ್ತಿರ, ಸುತ್ತ ಕೆಂಪು ಬಂಡೆ. ಅಲ್ಲಿ ಮೇಲಂತಸ್ತಿಗೆ ಗೋಡೆಯಿಂದ ಚಾಚಿದ ಕಿರಿದಾದ ಕಲ್ಲಿನ ಮೆಟ್ಟಿಲಿವೆ, ಅಮ್ಮನನ್ನು ಹತ್ತಿಸಬೇಡಿ. ಮೊದಲೇ ಯೆರೆವಾನ್‌ನ ಇತಿಹಾಸ ಮ್ಯೂಸಿಯಂ ನೋಡಿ. ಅದೇ ಗುಹೆಯಲ್ಲಿ ಸಿಕ್ಕಿದ, ಸುಮಾರು 5,500 ವರ್ಷ ಹಳೆಯ ಚರ್ಮದ ಚಪ್ಪಲಿ ಇದೆ. ಲೇಸ್ ಸಮೇತ!

ಹಾಸನದಕ್ಕ:
ತಮ್ಮನಿಗೆ ಓದಿ ಹೇಳಿದೆ, ಈಗ ಅವನೇ ಕಾರು ಹುಡುಕುತ್ತಿದ್ದಾನೆ. ಅಮ್ಮನಿಗೆ ವೈನೂ ಬೇಡ, ಮಠವೂ ಬೇಡ. ಚಪ್ಪಲಿ ಒಂದೇ ಕಾಲಿನದ್ದು ಅಂತ ತಮ್ಮ ಹೇಳಿದಾಗಿನಿಂದ ಇನ್ನೊಂದು ಎಲ್ಲಿ ಹೋಯಿತು ಅಂತ ಕೇಳುತ್ತಿದ್ದಾರೆ.