ಸಕ್ಕರೆ, ಬಿಪಿ ಎರಡೂ ಇರುವವರ ಫೈಲ್ ಹೇಗಿರಬೇಕು?

ಪ್ರಶ್ನೆ: ಅಪ್ಪನಿಗೆ ಸಕ್ಕರೆ ಕಾಯಿಲೆಯೂ ಇದೆ, ರಕ್ತದೊತ್ತಡವೂ ಇದೆ. ಚೀಟಿ, ಲ್ಯಾಬ್ ವರದಿಗಳಿಂದ ಫೈಲ್ ತುಂಬಿದೆ. ಹೊಸ ವೈದ್ಯರು ಎಲ್ಲವನ್ನೂ ತಿರುವಿಹಾಕಿ, ‘ಇದರಿಂದ ಏನೂ ತಿಳಿಯುವುದಿಲ್ಲವಲ್ಲ’ ಎಂದರು. ದಾಖಲೆ ಹೇಗಿರಬೇಕು? ಅನುಭವವಿದ್ದವರು ತಿಳಿಸಿ.

ಶುಶ್ರೂಷಕಿಯೊಬ್ಬರು: ವೈದ್ಯರು ಹೇಳಿದ್ದು ನಿಜವಿರಬಹುದು. ‘ಸಕ್ಕರೆ 180’ ಎಂದಷ್ಟೇ ಬರೆದಿದ್ದರೆ ಏನು ಮಾಡುವುದು? ಬರಿಹೊಟ್ಟೆಯಲ್ಲಿ 180 ಬಂದರೆ ಯೋಚಿಸಬೇಕಾದ ವಿಷಯ. ಊಟವಾದ ಎರಡು ಗಂಟೆಗೆ ಬಂದಿದ್ದರೆ ಅಷ್ಟು ಗಾಬರಿಯಿಲ್ಲ. ಬಿಪಿ ಪುಸ್ತಕಗಳಲ್ಲಂತೂ 130/80, 140/90, ಮತ್ತೆ 130/80! ಯಂತ್ರ ಪ್ರತಿ ಸಲವೂ ಸೊನ್ನೆಗೇ ಬಂದು ನಿಲ್ಲುವುದಿಲ್ಲ, ಬರೆಯುವವರು ನಿಲ್ಲಿಸುತ್ತಾರೆ. 137/84 ಬಂದರೆ 137/84 ಎಂದೇ ಬರೆಯಿರಿ. ಐದು ನಿಮಿಷ ಬೆನ್ನು ಒರಗಿಸಿ ಕುಳಿತು, ಪಾದಗಳನ್ನು ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿಟ್ಟು ಅಳೆಯಬೇಕು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ತೋಳಿನ ಪಟ್ಟಿ ಚಿಕ್ಕದಾದರೆ ಅಂಕಿ ಏರುತ್ತದೆ. ಎರಡೂ ಅಳತೆ ಪುಸ್ತಕದಲ್ಲಿರಲಿ. ಚೆನ್ನಾಗಿ ಬಂದದ್ದನ್ನು ಮಾತ್ರ ಬರೆದು ವೈದ್ಯರನ್ನು ಮೆಚ್ಚಿಸುವವರು ಬಹಳ ಮಂದಿ.

ತಾಯಿಯ ಆರೈಕೆ ಮಾಡುವವರು: ನನ್ನ ಮಟ್ಟಿಗೆ ಅಂಕಿಗಳಿಗಿಂತ ಔಷಧದ ಪುಟವೇ ದೊಡ್ಡದು. ಇಬ್ಬರು ವೈದ್ಯರು ಎರಡು ಬ್ರಾಂಡ್ ಹೆಸರುಗಳಲ್ಲಿ ಬರೆದದ್ದು ಒಂದೇ ಬಿಪಿ ಔಷಧ, ಆಮ್ಲೋಡಿಪಿನ್. ಪ್ರಮಾಣ ಹೆಚ್ಚಾಗಿ ಅಮ್ಮನ ಪಾದ ಬಾತುಕೊಂಡಿತು. ಔಷಧದಂಗಡಿಯವರು ಎರಡೂ ಗುಳಿಗೆ ಪಟ್ಟಿಗಳ ಹಿಂಬದಿಯ ಸಣ್ಣ ಅಕ್ಷರಗಳನ್ನು ಬೆರಳಿಟ್ಟು ತೋರಿಸಿದಾಗಲೇ ವಿಷಯ ತಿಳಿದದ್ದು. ಈಗ ಮೂಲ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಎಂದಿನಿಂದ ಎಂದೆಲ್ಲ ಬರೆದಿಡುತ್ತೇನೆ. ನಿಲ್ಲಿಸಿದ ಔಷಧವನ್ನು ಅಳಿಸುವುದಿಲ್ಲ. ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯುತ್ತೇನೆ: ‘ಎನಾಲಾಪ್ರಿಲ್, ಒಣಕೆಮ್ಮು, ನಿಲ್ಲಿಸಿದ್ದು’. ಆ ಸಾಲಿಲ್ಲದಿದ್ದರೆ ಮುಂದಿನ ವೈದ್ಯರು ಕೆಮ್ಮು ತರಿಸುವ ಅದೇ ಗುಂಪಿನ ಬಿಪಿ ಗುಳಿಗೆಯನ್ನು ಮತ್ತೆ ಬರೆದಾರು. ನುಂಗಲು ಮರೆತ ದಿನಗಳೂ ದಾಖಲಾಗಲಿ. ಇಲ್ಲದಿದ್ದರೆ ಔಷಧ ಸಾಲದೆಂದು ಪ್ರಮಾಣವೇ ಏರುತ್ತದೆ.

ಇನ್ಸುಲಿನ್ ತೆಗೆದುಕೊಳ್ಳುವ ಒಬ್ಬರು: ಇನ್ಸುಲಿನ್ ಅಳೆಯುವ ‘ಯೂನಿಟ್’ ಎಂಬುದನ್ನು ಪೂರ್ತಿಯಾಗಿ ಬರೆಯಿರಿ. ಅವಸರದಲ್ಲಿ ಗೀಚಿದ ಇಂಗ್ಲಿಷಿನ ‘ಯು’ ಸೊನ್ನೆಯಂತೆ ಕಂಡರೆ 4 ಹೋಗಿ 40 ಆಗುತ್ತದೆ.

ಲ್ಯಾಬ್ ತಂತ್ರಜ್ಞರೊಬ್ಬರು: ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಸುಮಾರು ಎರಡು–ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುತ್ತದೆ. ರಕ್ತಹೀನತೆ ಇದ್ದರೆ, ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಅದು ದಾರಿ ತಪ್ಪಿಸಬಹುದು, ಆದ್ದರಿಂದ ಆ ಮಾಹಿತಿಯೂ ವರದಿಯ ಜೊತೆಗಿರಲಿ. ಅಂಕಿಯ ಮುಂದಿನ ಅಳತೆಯ ಮಾನವನ್ನು ಬಿಡಬೇಡಿ. ಸಕ್ಕರೆಯನ್ನು ಡೆಸಿಲೀಟರಿಗೆ ಮಿಲಿಗ್ರಾಂನಲ್ಲಿ ಕೊಡುವ ಲ್ಯಾಬ್‌ಗಳಿವೆ, ಲೀಟರಿಗೆ ಮಿಲಿಮೋಲ್‌ನಲ್ಲಿ ಕೊಡುವವೂ ಇವೆ. ಒಂದರಲ್ಲಿ 180 ಇದ್ದದ್ದು ಇನ್ನೊಂದರಲ್ಲಿ 10. ಇನ್ನೊಂದು ಮಾತು. ದಪ್ಪ ಫೈಲ್‌ಗಳಲ್ಲಿ ಸಕ್ಕರೆಯ ವರದಿಗಳೇ ತುಂಬಿರುತ್ತವೆ. ಕಣ್ಣಿನ ಅಕ್ಷಿಪಟಲ, ಪಾದ, ಮೂತ್ರಪಿಂಡದ ಸ್ಥಿತಿ ಹೇಳುವ ಮೂತ್ರದ ಆಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್ ಇವುಗಳ ವಾರ್ಷಿಕ ಪರೀಕ್ಷೆಯ ಸುಳಿವೇ ಇರುವುದಿಲ್ಲ. ನಿಮ್ಮ ತಂದೆಯ ಫೈಲ್‌ನಲ್ಲಿ ಈ ನಾಲ್ಕೂ ಇವೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ಅದನ್ನೇ ಕೇಳಿ.